ತಾಳಿ ತೋರಿಸಿದವರಿಗೆ ಮಾತ್ರ

ನನ್ನ ಓರಗಿತ್ತಿ ಬೆಳಿಗ್ಗೆ ಕಾಲೇಜಿಗೆ ಹೊರಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವಳು ಜಡೆ ಹಾಕಿಕೊಂಡು, ವೇಲಿಗೆ ಪಿನ್ನು ಚುಚ್ಚಿಕೊಂಡು, ನಾನು ಕಲಸಿದ ಚಿತ್ರಾನ್ನವನ್ನು ಡಬ್ಬಿಗೆ ತುಂಬಿಕೊಂಡು, ‘ಅಕ್ಕಾ, ಬತ್ತೀನಿ’ ಎಂದು ಮೆಟ್ಟಿಲಿಳಿಯುವಳು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಕೈಯಲ್ಲೇ ನಿಂತು ‘ಹೂಂ’ ಎನ್ನುವೆ. ಅವಳನ್ನು ಬಿಳಿಕೆರೆಯವರೆಗೆ ಬಿಟ್ಟು ಬರಲು ನನ್ನ ಮೈದುನ ಬೈಕು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿರುತ್ತಿದ್ದ. ಅಲ್ಲಿಂದ ಅವಳಿಗೆ ಹುಣಸೂರಿನ ಬಸ್ಸು. ನನ್ನ ಗಂಡ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಳ್ಳುತ್ತಿದ್ದದ್ದು ಸಾವಿನ ಮನೆಗೆ ಹೋಗುವಾಗ ಮಾತ್ರ.

ಅವಳು ಓದುತ್ತಿದ್ದ ಕಾಲೇಜಿನಲ್ಲಿ ನಾನೂ ಓದಿದವಳು. ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು. ಮದುವೆಯಾದ ಮೇಲೂ ಒಂದಷ್ಟು ದಿನ ಹೋದೆ. ಆಮೇಲೆ ಬಸ್ಸಿನಲ್ಲೇ ವಾಂತಿ ಶುರುವಾಯಿತು. ಒಂದು ದಿನ ಕಂಡಕ್ಟರ್ ಅರ್ಧ ದಾರಿಯಲ್ಲಿ ಇಳಿಸಿ, ‘ಮನೆಗೆ ಓಗವ್ವ ತಾಯಿ’ ಎಂದ. ನಾನು ಹಾಗೇ ಮನೆಗೆ ಬಂದೆ. ಈಗ ಹೈಸ್ಕೂಲಿಗೆ ಹೋಗುವ ನನ್ನ ಮಗಳು ಆಗ ನನ್ನ ಹೊಟ್ಟೆಯಲ್ಲಿದ್ದಳು. ಅವಳ ಹಿಂದೆಯೇ ಮಗ, ಮಗನ ಹಿಂದೆಯೇ ಆಪರೇಶನ್. ನನ್ನ ಕಾಲೇಜು ಅಲ್ಲಿಗೆ ಮುಗಿಯಿತು.

ಓರಗಿತ್ತಿಯ ಕಥೆ ಬೇರೆ. ಅವಳ ಅಪ್ಪ ಒಪ್ಪಂದದ ದಿನವೇ ನಮ್ಮ ಹಜಾರದಲ್ಲಿ ಕೂತು, ‘ಮಗ್ಳು ಡಿಗ್ರಿ ಮುಗುಸ್ಬೇಕು ಕಣ್ರೀ. ಅದಕ್ಕೆ ನೀವು ಊಂ ಅಂದ್ರೆ ಎಲೆ ಅಡಿಕೆ ಬದ್ಲಾಯ್ಸೋಣ’ ಎಂದುಬಿಟ್ಟರು. ಕಾಫಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನಗೆ ಅವಳ ಅಪ್ಪನ ಮೇಲೂ ಹೊಟ್ಟೆಕಿಚ್ಚಾಯಿತು. ನನ್ನ ಅಪ್ಪ ಇದೇ ಹಜಾರದಲ್ಲಿ ಕೂತು, ‘ಇನ್ಮೇಲೆ ನಿಮ್ಮನೆ ಎಣ್ಣು, ನಿಮ್ಮಿಷ್ಟ’ ಎಂದು ಕೈ ಮುಗಿದು ಹೋಗಿದ್ದರು. ಅಪ್ಪಂದಿರಲ್ಲೂ ಅವಳ ಅಪ್ಪನಂಥವರಿರುತ್ತಾರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಮ್ಮ ಅತ್ತೆ ಮಾತು ಕೊಟ್ಟರು, ಆದರೆ ಮೊಮ್ಮಗನ ಆಸೆ ಬಿಡಲಿಲ್ಲ. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ, ‘ಓದ್ಕಳ್ಲಿ ಬುಡು, ಕೂಸು ಒಂದು ಕಡೆ ಬೆಳೀತದೆ, ಓದು ಒಂದು ಕಡೆ ನಡೀತದೆ’ ಎನ್ನತೊಡಗಿದರು. ಎಚ್.ಡಿ. ಕೋಟೆ ಕಡೆ ಅಂತರಸಂತೆಯ ಸಂತೆಯಿಂದ ಯಾವುದೋ ಬೇರು ತರಿಸಿ, ಅರೆದು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸಿದರು. ಓರಗಿತ್ತಿ ಮುಖ ಕಿವುಚದೆ ಕುಡಿಯುತ್ತಿದ್ದಳು. ನನಗೆ ಆಶ್ಚರ್ಯ. ಇಷ್ಟು ಕುಡಿದರೂ ಯಾಕಾಗಿಲ್ಲ ಎಂದು ನಾನೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಅದರ ಗುಟ್ಟು ಗೊತ್ತಾದದ್ದು ಹೊಗೆಸೊಪ್ಪಿನ ಕಾಲದಲ್ಲಿ. ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ನಾವಿಬ್ಬರೇ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆವು. ಕೈಯೆಲ್ಲ ಅಂಟು. ಅವಳು ತಲೆ ಎತ್ತದೆ ಹೇಳಿದಳು.

‘ಅಕ್ಕಾ, ನಾನು ಗುಳಿಗೆ ತಗತೀನಿ. ಕಾಲೇಜಲ್ಲಿ ಕೊಡ್ತಾರೆ. ಅತ್ತೆಮ್ಮಂಗೆ ಏಳ್ಬ್ಯಾಡಿ.’

‘ಯಾವ ಗುಳಿಗೆ?’

‘ಮಕ್ಕಳಾಗ್ದಿರೋ ಗುಳಿಗೆ.’

ಕಾಲೇಜಿನಲ್ಲಿ ಹುಡುಗಿಯರ ರೂಮಿನ ಪಕ್ಕದ ಒಂದು ಸಣ್ಣ ಕೋಣೆಗೆ ವಾರಕ್ಕೊಮ್ಮೆ ಆಸ್ಪತ್ರೆಯ ಸಿಸ್ಟರ್ ಬಂದು ಕೂರುತ್ತಿದ್ದರಂತೆ. ರಕ್ತ ಕಡಿಮೆ ಇದ್ದವರಿಗೆ ಕಬ್ಬಿಣದ ಮಾತ್ರೆ, ಮುಟ್ಟಿನ ಹೊಟ್ಟೆನೋವಿಗೆ ಔಷಧಿ, ಕೇಳಿದವರಿಗೆ ಇದು. ಬಿ.ಪಿ. ನೋಡಿ, ತಲೆನೋವು ಬರುತ್ತದೆಯೇ ಎಂದು ವಿಚಾರಿಸಿ, ಒಂದು ದಿನ ಮರೆತರೆ ಏನು ಮಾಡಬೇಕೆಂದು ಹೇಳಿ ಕೊಡುತ್ತಿದ್ದರಂತೆ. ಅಲ್ಲಿ ಬಿಟ್ಟರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ನಮ್ಮೂರ ಆಶಾ ಕಾರ್ಯಕರ್ತೆ ನಮ್ಮ ಅತ್ತೆಯ ತಂಗಿ ಮಗಳು. ಅವಳ ಹತ್ತಿರ ಕೇಳಿದರೆ ಗುಳಿಗೆ ಕೈಗೆ ಬರುವ ಮೊದಲೇ ಸುದ್ದಿ ಮನೆಗೆ ಬಂದಿರುತ್ತದೆ. ಮೆಡಿಕಲ್ ಅಂಗಡಿಗೆ ಹೋಗೋಣವೆಂದರೆ ಕೈಯಲ್ಲಿ ಕಾಸಿಲ್ಲ. ನನ್ನ ಕಾಲದಲ್ಲಿ ಬಸ್ ಚಾರ್ಜಿನಲ್ಲಿ ಒಂದಷ್ಟು ಉಳಿಸಿಕೊಳ್ಳಬಹುದಿತ್ತು. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ, ‘ನಿಂಗ್ಯಾಕೆ ಕಾಸು?’ ಎಂದು ಅತ್ತೆ ಸೆರಗಿನ ಗಂಟು ಬಿಚ್ಚುವುದನ್ನೇ ಬಿಟ್ಟಿದ್ದರು. ಮೈದುನ ಬಿಳಿಕೆರೆಯ ಅಂಗಡಿಗೆ ಹೋಗಿ, ಅಲ್ಲಿ ಪರಿಚಯದವರು ಕೂತಿದ್ದರೆಂದು ಕೆಮ್ಮಿನ ಔಷಧಿ ತಗೊಂಡು ವಾಪಸ್ ಬಂದಿದ್ದನಂತೆ.

‘ಅಂದ್ರೆ ಅವ್ನಿಗೂ ಗೊತ್ತಾ ಇದು?’ ಎಂದೆ.

‘ಊಂ ಅಕ್ಕ. ನಾವಿಬ್ರೂ ಮಾತಾಡ್ಕಂಡೇ ಮಾಡಿದ್ದು. ಪರೀಕ್ಷೆ ಮುಗೀಲಿ, ಆಮೇಲೆ ಮಗು ಅಂತ.’

ಮಾತಾಡಿಕೊಂಡು! ನನ್ನ ಕೈಯಲ್ಲಿದ್ದ ದಾರ ಪಟ್ಟನೆ ಕಿತ್ತುಹೋಯಿತು. ಗಂಡ ಹೆಂಡತಿ ಕೂತು ಇಂಥದ್ದನ್ನು ಮಾತಾಡಿಕೊಳ್ಳಬಹುದು ಎನ್ನುವುದೇ ನನಗೆ ಹೊಸ ವಿಷಯ. ನನ್ನ ಗಂಡ ನನ್ನೊಂದಿಗೆ ಯಾವ ಹೊಲಕ್ಕೆ ಏನು ಹಾಕಬೇಕೆಂದೂ ಮಾತಾಡಿದವರಲ್ಲ. ಅವಳ ಕಾಲೇಜು, ಬೈಕು ಎಲ್ಲವನ್ನೂ ನಾನು ಹೇಗೋ ಸಹಿಸಿಕೊಂಡಿದ್ದೆ. ಆ ಒಂದು ಮಾತು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಆದರೂ ಒಂದು ಮಜಾ ಇತ್ತು. ಬೆಳಿಗ್ಗೆ ಅತ್ತೆ ಕೊಟ್ಟ ಮಗುವಾಗುವ ಬೇರು, ಮಲಗುವಾಗ ಸಿಸ್ಟರ್ ಕೊಟ್ಟ ಮಗುವಾಗದ ಗುಳಿಗೆ. ಅದನ್ನು ನೆನೆದು ನಾನು ಕೊಟ್ಟಿಗೆಯಲ್ಲಿ ಒಬ್ಬಳೇ ನಕ್ಕಿದ್ದೇನೆ.

ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅವಳೂ ನನ್ನ ಪಕ್ಕದಲ್ಲಿ ಬಂದು ಸಗಣಿ ಬಾಚುತ್ತಾಳೆ ಎಂದು ಗೊತ್ತಿತ್ತು. ಹೇಳಬೇಕೆಂದು ಅನಿಸಲೇ ಇಲ್ಲವೆಂದರೆ ಮಾತ್ರ ಸುಳ್ಳಾಗುತ್ತದೆ.

ಅಷ್ಟರಲ್ಲಿ ರಾಜಕೀಯದವರಿಗೆ ಈ ಕೋಣೆಯ ವಾಸನೆ ಹತ್ತಿತು. ಯಾರೋ ಹುಡುಗಿಯ ಬ್ಯಾಗಿನಿಂದ ಬಿದ್ದ ಗುಳಿಗೆಯ ಪಟ್ಟಿಯ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಒಂದು ಪಕ್ಷದ ಹುಡುಗರು ಗೇಟಿನ ಮುಂದೆ ಕೂತು, ‘ಕಾಲೇಜೋ, ಮತ್ತೇನೋ?’ ಎಂದು ಬೋರ್ಡು ಹಿಡಿದರು. ಇನ್ನೊಂದು ಪಕ್ಷದವರು ಇದು ಸರ್ಕಾರದ ಯೋಜನೆ, ಮುಚ್ಚಿಸಲು ಬಿಡುವುದಿಲ್ಲ ಎಂದು ಎದುರಿಗೆ ಪೆಂಡಾಲು ಹಾಕಿದರು. ಇವರಿಗೆ ಅವರನ್ನು ಸೋಲಿಸಬೇಕಿತ್ತು, ಅವರಿಗೆ ಇವರನ್ನು. ಹುಡುಗಿಯರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಕಡೆಗೆ ಪ್ರಿನ್ಸಿಪಾಲರು ಎರಡೂ ಕಡೆಯ ಮುಖಂಡರನ್ನು ಕೂರಿಸಿ, ಕಾಫಿ ಕುಡಿಸಿ, ಒಂದು ರಾಜಿ ಮಾಡಿಸಿದರು. ಗುಳಿಗೆ ಕೊಡಬಹುದು, ಆದರೆ ಮದುವೆಯಾದ ಹುಡುಗಿಯರಿಗೆ ಮಾತ್ರ. ತಾಳಿ ತೋರಿಸಬೇಕು.

ಆ ರಾಜಿ ಮಾಡಿದ ಗಂಡಸರ ಮನಸ್ಸಿನಲ್ಲಿದ್ದದ್ದು ಚಿನ್ನದ ತಾಳಿ, ಎರಡೆಳೆಯ ಸರ. ನಮ್ಮ ಕಡೆ ಒಬ್ಬರೇ ಓಡಾಡುವ ಹೆಂಗಸರು ಅದನ್ನು ಹಾಕುವುದು ಬಿಟ್ಟು ಎಷ್ಟೋ ಕಾಲವಾಗಿದೆ. ಹೈವೇಯಲ್ಲಿ ಬೈಕಿನಲ್ಲಿ ಬಂದು ಕತ್ತಿಗೇ ಕೈ ಹಾಕುವವರಿದ್ದಾರೆ. ಹಾಗಾಗಿ ಚಿನ್ನ ಅತ್ತೆಯ ಬೀರುವಿನಲ್ಲಿ, ಕತ್ತಿನಲ್ಲಿ ಅರಿಶಿನದ ದಾರ, ಅದಕ್ಕೊಂದು ಅರಿಶಿನದ ಕೊಂಬು. ಮನೆಯಲ್ಲಿ ದಿನಾ ಕಾಣುವ ಇದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅರಿಶಿನದ ದಾರ ಕಟ್ಟಿಕೊಳ್ಳಲು ಗಂಡು ಬೇಕಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಅರಿಶಿನ ಕುಂಕುಮ ಮಾರುವ ಗ್ರಂದಿಗೆ ಅಂಗಡಿ ಸಾಕು.

ಓರಗಿತ್ತಿ ಹೇಳುತ್ತಿದ್ದಳು. ಸಿಸ್ಟರ್ ಬರುವ ದಿನ ಹುಡುಗಿಯರ ರೂಮಿನಲ್ಲಿ ದಾರ ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಒಬ್ಬಳು ಕಟ್ಟಿಕೊಂಡು ಒಳಗೆ ಹೋಗಿ ಬಂದು ಬಿಚ್ಚಿದರೆ ಇನ್ನೊಬ್ಬಳು ಕಟ್ಟಿಕೊಳ್ಳುವಳು. ಸಿಸ್ಟರಿಗೆ ಗೊತ್ತಾಗದೆ ಇರುತ್ತದೆಯೇ? ಅವರು ಕತ್ತು ನೋಡಿ, ತಲೆ ತಗ್ಗಿಸಿ, ಬಿ.ಪಿ. ಪಟ್ಟಿ ಸುತ್ತುತ್ತಿದ್ದರಂತೆ. ಓರಗಿತ್ತಿ ಇದನ್ನು ನಗುನಗುತ್ತಾ ಹೇಳುವಾಗ ನಾನೂ ನಗುತ್ತಿದ್ದೆ. ಆ ರೂಮಿನಲ್ಲಿ, ಆ ಹುಡುಗಿಯರ ನಡುವೆ, ನಾನಿರಬೇಕಿತ್ತು ಎಂದು ಮರುಗಳಿಗೆಯೇ ಅನಿಸುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಪಿರಿಯಾಪಟ್ಟಣ ಕಡೆ ಹಾರನಹಳ್ಳಿಯ ಒಬ್ಬ ಹುಡುಗಿ ದಾರ ಬಿಚ್ಚುವುದನ್ನು ಮರೆತು ಬಸ್ಸು ಹತ್ತಿಬಿಟ್ಟಳು. ಮನೆಯಲ್ಲಿ ಊಟಕ್ಕೆ ಬಗ್ಗಿದಾಗ ದಾರ ಹೊರಗೆ ಇಣುಕಿತು. ಅವಳ ಅಪ್ಪ ತಟ್ಟೆ ಬಿಟ್ಟು ಎದ್ದನಂತೆ. ಮಗಳು ಯಾರನ್ನೋ ಕದ್ದು ಮದುವೆಯಾಗಿದ್ದಾಳೆ ಎಂದೇ ಅವನ ತೀರ್ಮಾನ. ಮಾರನೆಯ ದಿನ ಗೂಡ್ಸ್ ಆಟೋದ ತುಂಬ ನೆಂಟರನ್ನು ತುಂಬಿಕೊಂಡು ಕಾಲೇಜಿಗೆ ಬಂದು ಇಳಿದ.

‘ಯಾವನ್ಲಾ ಅವ್ನು? ಮೊದ್ಲು ಅವ್ನ ತೋರ್ಸ್ರಲಾ ನಂಗೆ! ಯಾವ ಜಾತಿಯೋನು ಅವ್ನು?’

ಇಲ್ಲದ ಅಳಿಯನನ್ನು ಅವನು ಕ್ಲಾಸು ಕ್ಲಾಸಿಗೆ ನುಗ್ಗಿ ಹುಡುಕಿದ. ಹುಡುಗಿ ಬಾಯಿ ಬಿಡಲಿಲ್ಲ. ಕಡೆಗೆ ಯಾರೋ ಲೆಕ್ಚರರು ಅವನನ್ನು ಸಮಾಧಾನ ಮಾಡಲು, ‘ಮದುವೆಯಾಗಿಲ್ಲ ಸ್ವಾಮಿ, ಗುಳಿಗೆಗೋಸ್ಕರ ಕಟ್ಕೊಂಡಿರ್ಬೇಕು’ ಎಂದುಬಿಟ್ಟರು. ಇದಕ್ಕಿಂತ ಮದುವೆಯಾಗಿದ್ದರೇ ವಾಸಿಯಿತ್ತು ಎನ್ನುವಂತಾಯಿತು ಅವನಿಗೆ. ಅವಳು ಯಾಕೆ ಗುಳಿಗೆ ತಗೊಂಡಳು ಎಂದು ನಾನು ಓರಗಿತ್ತಿಯನ್ನು ಕೇಳಲಿಲ್ಲ. ಅದು ನನಗೆ ಸಂಬಂಧಪಟ್ಟದ್ದಲ್ಲ.

ಆಮೇಲೆ ಎರಡು ಪಕ್ಷದವರೂ ಒಂದಾದರು. ಕೋಣೆಗೆ ಬೀಗ ಹಾಕಿಸಿ, ಪೋಷಕರು ಮತ್ತು ಜನಪ್ರತಿನಿಧಿಗಳ ಸಭೆ ಕರೆದು, ಅದನ್ನು ಪೂರ್ತಿ ತೆಗೆಸುವುದು ಎಂದು ಮಾತಾಯಿತು. ಓರಗಿತ್ತಿಯ ಹತ್ತಿರ ಉಳಿದದ್ದು ಒಂದೇ ಪಟ್ಟಿ. ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು.

ಜನಪ್ರತಿನಿಧಿ ಎಂದರೆ ನಾನೂ ಒಬ್ಬಳು. ಪಂಚಾಯ್ತಿಯಲ್ಲಿ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ನನ್ನನ್ನು ನಿಲ್ಲಿಸಿದ್ದರು. ಮೆಂಬರು ನಾನು, ಮೆಂಬರಿಕೆ ನನ್ನ ಗಂಡನದು. ನಾನು ರುಜು ಹಾಕುವುದು, ಅವರು ಮೀಟಿಂಗಿಗೆ ಹೋಗುವುದು. ನಮ್ಮನ್ನು ನಿಲ್ಲಿಸಿದ್ದ ಮುಖಂಡರು ಈ ಸಲ ಮನೆಗೇ ಬಂದರು. ‘ಇದಕ್ಕೆ ನೀವೇ ಬರ್ಬೇಕು ಕಣವ್ವ. ಎಣ್ಮಕ್ಳೇ ಎದ್ದು, ನಮ್ಮೈಕ್ಳಿಗೆ ಇದು ಬ್ಯಾಡ ಅಂದ್ರೆ ಅದ್ರ ತೂಕ ಬ್ಯಾರೆ’ ಎಂದರು. ಅತ್ತೆ ಒಳಗಿನಿಂದಲೇ, ‘ಏಳ್ತಾಳೆ ಬುಡಿ, ಏಳ್ದೆ ಏನು?’ ಎಂದರು. ಓರಗಿತ್ತಿ ನೀರು ಕೊಡಲು ಬಂದವಳು ಲೋಟ ಇಟ್ಟು, ನನ್ನ ಮುಖವನ್ನೊಮ್ಮೆ ನೋಡಿ ಹೋದಳು.

ಸಂಜೆ ಅವಳು ಕೊಟ್ಟಿಗೆಗೆ ಬಂದಳು. ಕೊಟ್ಟಿಗೆಗೆ ಅವಳು ಬರುವುದೇ ಅಪರೂಪ.

‘ಅಕ್ಕಾ, ಮುಚ್ಚುಸ್ಬ್ಯಾಡಿ ಅಂತ ಒಂದ್ ಮಾತು ಏಳಿ. ಈಗ ನಿಂತೋದ್ರೆ ಪರೀಕ್ಷೆ ಒತ್ಗೆ ನಾನು ವಾಂತಿ ಮಾಡ್ಕಂಡು ಕೂತಿರ್ತೀನಿ. ಅತ್ತೆಮ್ಮ ಮತ್ತೆ ಕಳುಸ್ತಾರಾ?’

‘ನೋಡಾನ’ ಎಂದೆ. ಆ ಒಂದು ಸಂಜೆ ಅವಳ ಡಿಗ್ರಿ ನನ್ನ ನಾಲಿಗೆಯ ತುದಿಯಲ್ಲಿತ್ತು. ನನಗೆ ಸಂತೋಷವಾಯಿತು. ಹಾಲು ಕರೆಯುವಾಗ, ಸಾರು ಕುದಿಸುವಾಗ, ಅವಳು ನನ್ನ ಹಿಂದೆ ಹಿಂದೆ ಸುಳಿಯುತ್ತಿದ್ದಳು. ನಾನು ಬೇಕೆಂದೇ ಬೇರೆ ಬೇರೆ ಮಾತಾಡಿದೆ.

ಸಭೆಯ ದಿನ ಗಂಡನ ಬೈಕಿನ ಹಿಂದೆ ಕೂತು ಹೋದೆ. ನಾನು ಕೂರುತ್ತಿದ್ದ ಕ್ಲಾಸಿಗೆ ಈಗ ಬೇರೆ ಬಣ್ಣ ಬಳಿದಿದ್ದರು. ಹಾಲ್‌ನಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲೆಲ್ಲ ಗಂಡಸರು. ನಾನೂ, ಕೆ.ಆರ್. ನಗರ ಕಡೆಯಿಂದ ಮಗಳನ್ನು ಇಲ್ಲಿ ಹಾಸ್ಟೆಲಿಗೆ ಸೇರಿಸಿದ್ದ ಒಬ್ಬ ತಾಯಿಯೂ ಒಂದು ಮೂಲೆ. ಹುಡುಗಿಯರು ಕಿಟಕಿಯಾಚೆ ನಿಂತಿದ್ದರು. ಅವರಲ್ಲಿ ನನ್ನ ಓರಗಿತ್ತಿಯೂ ಇದ್ದಳು.

ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಒಬ್ಬ ಹಿರಿಯರು ಎದ್ದು, ‘ನಮ್ಮವ್ವಂದ್ರು ಅತ್ತತ್ತು ಮಕ್ಳ ಎತ್ತರು. ಅವ್ರೇನು ಗುಳಿಗೆ ತಿಂದಿದ್ರಾ? ತಾಳಿ ಇರೋಳಿಗೆ ಗುಳಿಗೆ ಯಾಕೆ, ತಾಳಿ ಇಲ್ದೋಳಿಗೆ ಗುಳಿಗೆ ಯಾಕೆ?’ ಎಂದರು. ಚಪ್ಪಾಳೆ ಬಿತ್ತು. ಮುಖಂಡರು ನನ್ನ ಕಡೆ ತಿರುಗಿ ಏಳಿ ಎಂದು ಸನ್ನೆ ಮಾಡಿದರು.

ಎದ್ದೆ. ನಾನು ಧೈರ್ಯವಂತೆ ಎಂದು ಯಾರೂ ತಿಳಿಯಬೇಡಿ. ಕಿಟಕಿಯಾಚೆ ನಿಂತಿದ್ದ ಆ ಹುಡುಗಿಯರನ್ನು ನೋಡಿ ನನಗೆ ಎದೆ ಉರಿಯುತ್ತಿತ್ತು. ಆ ಉರಿಯನ್ನು ಅವರ ಮೇಲೆ ಕಾರಲು ಹೋದವಳಿಗೆ ಎದುರಿನ ಸಾಲಿನ ಗಂಡಸರ ಮುಖ ಕಂಡಿತು. ಉರಿ ಅತ್ತ ತಿರುಗಿತು. ಓರಗಿತ್ತಿಯ ವಿಷಯ ಎತ್ತುವಂತಿರಲಿಲ್ಲ. ಎತ್ತಿದ್ದರೆ ಮಾತು ಅತ್ತೆಗೆ ಮುಟ್ಟುತ್ತಿತ್ತು. ಹಾಗಾಗಿ ನನ್ನದನ್ನೇ ಹೇಳಿದೆ.

‘ನಾನೂ ಇದೇ ಕಾಲೇಜಲ್ಲಿ ಓದ್ತಿದ್ದೋಳು ಸ್ವಾಮಿ. ನನ್ ಕತ್ತಲ್ಲಿ ತಾಳಿ ಇತ್ತು, ಚಿನ್ನದ್ದೇ ಇತ್ತು. ಆವತ್ತು ನಂಗೆ ಯಾರೂ ಗುಳಿಗೆ ಕೊಡ್ನಿಲ್ಲ. ಅಂಗೊಂದು ಅದೆ ಅಂತ ಏಳ್ದೋರೂ ಇಲ್ಲ. ವಾಂತಿ ಮಾಡ್ಕಂಡು ಬಸ್ಸಿಂದ ಇಳ್ದೋಳು ಈ ಗೇಟೊಳಕ್ಕೆ ಬಂದಿರೋದು ಇವತ್ತೇ. ಆವತ್ತು ಒಂದು ಗುಳಿಗೆ ಸಿಕ್ಕಿದ್ರೆ ನಾನು ಡಿಗ್ರಿ ಮುಗುಸ್ತಿದ್ದೆ. ನಾನು ಓದು ಬುಟ್ಟಾಗ ಈ ಗೇಟಿನ ಮುಂದೆ ಯಾರೂ ಧರಣಿ ಕೂರ್ನಿಲ್ಲ. ಈಗ್ಯಾಕೆ ಕೂತಿದೀರಿ? ಕತ್ತು ನೋಡಿ ಗುಳಿಗೆ ಕೊಡ್ತೀವಿ ಅಂದ್ರಿ, ಐಕ್ಳು ಕತ್ತಿಗೆ ದಾರ ಕಟ್ಕಂಡ್ರು. ದಾರ ಕಟ್ಟಿಸ್ದೋರು ನೀವು.’

ಅಷ್ಟೇ ನಾನು ಮಾತಾಡಿದ್ದು. ಕೆ.ಆರ್. ನಗರ ಕಡೆಯ ತಾಯಿ ಎದ್ದು, ‘ಅವ್ರು ಏಳಿದ್ದು ಸರಿ’ ಎಂದು ಮಾತ್ರ ಹೇಳಿ ಕೂತರು. ಕಿಟಕಿಯಾಚೆಯಿಂದ ಚಪ್ಪಾಳೆ ಶುರುವಾಯಿತು. ಮುಂದಿನ ಸಾಲು ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಹೆಂಗಸರೇ ಹೀಗಂದ ಮೇಲೆ ಬೀಗ ಹಾಕಿಸಿದ ಹೆಸರು ತನಗೆ ಬೇಡ ಎಂದು ಒಂದು ಪಕ್ಷ ಹಿಂದೆ ಸರಿಯಿತು. ಅವರು ಸರಿದ ಮೇಲೆ ಇವರೂ ಸರಿದರು. ಕೋಣೆ ತೆರೆಯಿತು. ಕತ್ತು ನೋಡುವ ಪದ್ಧತಿ ನಿಂತಿತು.

ಮುಖಂಡರು ನನ್ನ ಗಂಡನಿಗೆ, ‘ನಿನ್ನೆಂಡ್ರಿಗೆ ಒಸಿ ಬುದ್ಧಿ ಏಳೋ’ ಎಂದರಂತೆ. ಗಂಡ ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟರು. ನನಗೆ ಅದರಿಂದ ಹೆಚ್ಚು ವ್ಯತ್ಯಾಸವೇನೂ ಆಗಲಿಲ್ಲ. ಅತ್ತೆ, ‘ನಾನೇನು ನಿನ್ನ ಓದ್ಬ್ಯಾಡ ಅಂದಿದ್ನಾ?’ ಎಂದು ಮೂಗೊರೆಸಿಕೊಂಡರು. ಓರಗಿತ್ತಿ ನನ್ನ ಕೈ ಹಿಡಿದು, ‘ಅಕ್ಕಾ, ನಿಮ್ ಋಣ ನಾನೆಂಗೆ ತೀರುಸ್ಲಿ?’ ಎಂದು ಅತ್ತಳು. ನಾಳೆಯಿಂದ ಸಗಣಿ ಬಾಚು ಎನ್ನಬೇಕೆನಿಸಿತು. ಪರೀಕ್ಷೆ ಇದೆ, ಹೋಗಿ ಓದಿಕೋ ಎಂದೆ. ಅವಳು ಪರೀಕ್ಷೆ ಬರೆದಳು, ಒಳ್ಳೆ ಕ್ಲಾಸಿನಲ್ಲಿ ಪಾಸಾದಳು. ಫೋಟೋದವನನ್ನು ಮನೆಗೇ ಕರೆಸಿ, ಕರಿ ಗೌನು ಹಾಕಿಸಿ ಫೋಟೋ ತೆಗೆಸಿದರು. ಅದನ್ನು ಹಜಾರದ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದವಳು ನಾನು. ಒಂದು ಮೊಳೆ ಬಗ್ಗಿಸಿದ್ದೂ ನಿಜ.

ಆಮೇಲೆ ಅವರು ಮಾತಾಡಿಕೊಂಡಿದ್ದ ಹಾಗೆಯೇ ಗುಳಿಗೆ ನಿಲ್ಲಿಸಿದರು. ಹೆಚ್ಚು ದಿನ ಕಾಯಬೇಕಾಗಲಿಲ್ಲ. ಅತ್ತೆ ಊರಿಗೆಲ್ಲ, ‘ಅಂತರಸಂತೆ ಬೇರು ಕಣ್ರೇ, ತಡ ಆದ್ರೂ ಸುಳ್ಳಾಗ್ನಿಲ್ಲ’ ಎಂದು ಹೇಳಿಕೊಂಡು ತಿರುಗಿದರು.

ಸಭೆಯಲ್ಲಿ ನಾನು ಮಾತಾಡಿದ್ದನ್ನು ಯಾರೋ ವಿಡಿಯೋ ಮಾಡಿದ್ದರು. ಅದು ಆಗಾಗ ಯಾರದೋ ಮೊಬೈಲಿನಲ್ಲಿ ಮತ್ತೆ ಮತ್ತೆ ಏಳುತ್ತಿತ್ತು. ಮಗಳು ನೋಡಿದ್ದಾಳೆಂದು ನನಗೆ ಗೊತ್ತಿತ್ತು. ಅವಳ ಸ್ಕೂಲಿನ ಟೀಚರು, ‘ನಿಮ್ಮಮ್ಮ ಚೆನ್ನಾಗಿ ಮಾತಾಡ್ತಾರೆ’ ಎಂದಿದ್ದರಂತೆ. ಅದನ್ನು ನನಗೆ ಹೇಳುವಾಗ ಅವಳು ನಗಲಿಲ್ಲ. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅವಳಿಗೆ ತಲೆ ಬಾಚುತ್ತಿದ್ದೆ. ಒಂದು ಜಡೆ ಹೆಣೆದು, ಟೇಪು ಕಟ್ಟಿ, ಇನ್ನೊಂದಕ್ಕೆ ಕೂದಲು ಸೀಳುತ್ತಿದ್ದೆ.

‘ಅಮ್ಮ’ ಎಂದಳು. ‘ಆವತ್ತು ಆ ಗುಳಿಗೆ ಸಿಕ್ಕಿದ್ರೆ ನಾನು ಉಟ್ತಿರ್ನಿಲ್ಲ, ಅಲ್ವಾ?’

ಅಷ್ಟು ಜನ ಗಂಡಸರ ಮುಂದೆ ತಡವರಿಸದ ನಾನು ಸೀಳಿದ ಕೂದಲನ್ನೇ ಮತ್ತೆ ಸೀಳಿದೆ.

‘ಅಂಗಲ್ಲ ಕಣೆ. ಆಮೇಲೆ ಉಟ್ತಿದ್ದೆ. ಎರಡು ವರ್ಷ ಬುಟ್ಟು.’

‘ಅದು ನಾನಲ್ಲ’ ಎಂದಳು. ‘ಅದು ಬ್ಯಾರೆ ಯಾರೋ.’

ಇನ್ನೊಂದು ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಾ ಎದ್ದು ಹೋದಳು. ಬ್ಯಾಗು ಹಾಕಿಕೊಂಡು ಗೇಟು ದಾಟುವವರೆಗೂ ತಿರುಗಿ ನೋಡಲಿಲ್ಲ. ನಾನು ಬಾಚಣಿಗೆ ಹಿಡಿದು ಅಲ್ಲೇ ಕೂತಿದ್ದೆ. ಸಭೆಯಲ್ಲಿ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇವಳ ಮೇಲೆ ನನಗಿರುವ ಪ್ರೀತಿಯಲ್ಲೂ ಸುಳ್ಳಿಲ್ಲ. ಆದರೆ ಎರಡನ್ನೂ ಒಂದೇ ಮಾತಿನಲ್ಲಿ ಅವಳಿಗೆ ಹೇಳುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಓರಗಿತ್ತಿ ಜಗಲಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಹೊಟ್ಟೆ ಕಾಣುವಷ್ಟು ಆಗಿತ್ತು. ಅದರ ಮೇಲೆ ಕೈಯಿಟ್ಟುಕೊಂಡು ಏನೋ ಗುನುಗುತ್ತಿದ್ದಳು. ಅವಳ ಮಗುವೂ ಒಂದು ದಿನ ದೊಡ್ಡದಾಗಿ ಅವಳನ್ನು ಏನಾದರೂ ಕೇಳುತ್ತದೆ. ಆಗ ಅವಳು ಒಂದಿಷ್ಟೂ ಯೋಚಿಸದೆ, ‘ನೀನು ಬೇಕು ಅಂತಲೇ ನಿನ್ನ ಪಡ್ಕಂಡೆ ಕಣೋ’ ಎನ್ನಬಲ್ಲಳು. ಅವಳ ಮೇಲೆ ನನಗೆ ಎಷ್ಟೋ ವಿಷಯಕ್ಕೆ ಹೊಟ್ಟೆಕಿಚ್ಚಾಗಿದೆ. ಈ ಒಂದು ಮಾತಿಗೆ ಆದಷ್ಟು ಇನ್ನಾವುದಕ್ಕೂ ಆಗಿಲ್ಲ.